ಅಳಿಸಿದೆ ಎಂದು ಹೇಳಿದ ಅರ್ಜಿ

ಕೊರಟಗೆರೆ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಇರುವ ಎರಡು ಕಂಪ್ಯೂಟರಿಗೂ ಆಗ ಪಾಸ್‌ವರ್ಡ್ ಇರಲಿಲ್ಲ. ಗಿರಾಕಿಗಳು ತಾವೇ ಕೂತು ಪೆನ್‌ಡ್ರೈವ್ ಹಾಕಿ ಪ್ರಿಂಟ್ ತೆಗೆದುಕೊಂಡರೆ ನನಗೂ ಕೆಲಸ ಹಗುರ.

ಹೋದ ವರ್ಷ ಒಬ್ಬಾಕೆ ಬಂದರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಮಿಡಿಗೇಶಿ ಕಡೆಯ ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ಹೊರಟುಬಂದು, ಇಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ವಿಳಾಸ ಹೇಳುವಾಗ ದನಿ ತಗ್ಗಿಸಿದರು.

“ಅಕ್ಕ, ನಂದು ಇದ್ರಾಗೇ ಉಳ್ಕಳ್ತದಾ?”

“ಉಳ್ಕಂಡ್ರೆ ಒಳ್ಳೇದೇ ಕಣಮ್ಮ. ಇನ್ನೊಂದ್ಸಲ ಸುಲಭ ಆಯ್ತದೆ.”

“ಬ್ಯಾಡ, ಅಳಿಸ್ಬುಡಿ. ನಾನೆಲ್ಲಿದೀನಿ ಅಂತ ಅವ್ರಿಗೆ ಗೊತ್ತಾಗ್ಬಾರ್ದು.”

“ಆಯ್ತು, ಅಳಿಸ್ದೆ” ಎಂದೆ. ಅಳಿಸಿರಲಿಲ್ಲ. ಹಿಂದೆ ಐದಾರು ಜನ ಕಾಯುತ್ತಿದ್ದರು. ಆಮೇಲೆ ಮರೆತೇಹೋಯಿತು.

ವಾರದ ನಂತರ ಒಬ್ಬ ಗಂಡಸು ಪೆನ್‌ಡ್ರೈವ್ ಹಿಡಿದು ಬಂದು ಎರಡನೇ ಕಂಪ್ಯೂಟರಿನ ಮುಂದೆ ಕೂತ. ನಾನು ಜೆರಾಕ್ಸ್ ಮಾಡುತ್ತಿದ್ದೆ. ತಿರುಗಿ ನೋಡಿದರೆ ಪರದೆಯ ಮೇಲೆ ಆಕೆಯ ಫೋಟೊ, ಅರ್ಜಿ. ಹೋಗಿ ಪೆನ್‌ಡ್ರೈವ್ ಕಿತ್ತುಕೊಂಡೆ.

“ಯಾರು ನೀವು?”

“ಅವಳ ಭಾವ. ಇಲ್ಲಿಗೆ ಬಂದಿದ್ನ ನಮ್ಮೂರೋರು ನೋಡವ್ರೆ. ನಮ್ಮನೆ ಹೆಣ್ಣಿನ ಅಡ್ರೆಸ್ ನೋಡಿದ್ರೆ ಕಳ್ತನ ಏನಮ್ಮ?”

“ಹೂಂ, ಕಳ್ತನವೇ” ಎಂದೆ.

ಅವನು ಜಗಳಕ್ಕೆ ಬರಲಿಲ್ಲ. ಪರದೆಯನ್ನು ಇನ್ನೊಮ್ಮೆ ನೋಡಿ ಎದ್ದು ಹೋದ. ವಿಳಾಸ ಓದಿಕೊಂಡವನಿಗೆ ಪೆನ್‌ಡ್ರೈವ್ ಯಾಕೆ ಬೇಕು ಎಂಬುದು ಆಗ ಹೊಳೆಯಿತು.

ಅರ್ಜಿಯಲ್ಲಿದ್ದ ನಂಬರಿಗೇ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದೇ ಎಂದೆ.

“ಅಳಿಸ್ದೆ ಅಂದಿದ್ರಲ್ಲಕ್ಕ” ಎಂದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಆಗ ಮನೆಗೆಲಸ ಮಾಡುವ ಕಡೆ ಇದ್ದರು. ಕೋಣೆಗೆ ಹೋಗುವುದೇ ಬೇಡವೆಂದು ಹೇಳಿ, ಶಟರ್ ಎಳೆದು ಅಲ್ಲಿಗೇ ಆಟೊ ತೆಗೆದುಕೊಂಡು ಹೋದೆ. ಊರಾಚೆ ಬಸ್ ಹತ್ತಿ, ಮಧುಗಿರಿಯಲ್ಲಿ ಇನ್ನೊಂದು ಬಸ್ ಹಿಡಿದು ಶಿರಾ ಸೇರಿದೆವು. ದಾರಿಯುದ್ದಕ್ಕೂ ಆಕೆ ಕಿಟಕಿಯತ್ತ ಮುಖ ಮಾಡಿಯೇ ಕೂತಿದ್ದರು. ಶಿರಾದಲ್ಲಿ ಆಕೆಯ ಜೊತೆ ಹೊಲಿಗೆ ಕಲಿತ ಸಾಬರ ಹೆಣ್ಣುಮಗಳೊಬ್ಬಳು ಇದ್ದಳು. ಬಾಗಿಲು ತೆಗೆದವಳು ಏನೂ ಕೇಳದೆ, “ಮೊದ್ಲು ಚಾಯ್ ಕುಡೀರಿ” ಎಂದಳು. ಕೋಣೆಯಲ್ಲಿದ್ದ ಬಟ್ಟೆಬರೆಯನ್ನು ಮನೆ ಮಾಲೀಕರ ಹೆಂಡತಿಯ ಕೈಲಿ ತರಿಸಿ ನಾನೇ ಆಮೇಲೆ ತಲುಪಿಸಿದೆ. ಅಷ್ಟರಲ್ಲಿ ಭಾವ ಎರಡು ಸಲ ಬಂದು ಬೀಗ ನೋಡಿ ಹೋಗಿದ್ದನಂತೆ.

ಶಿರಾದಿಂದ ಬಂದ ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಒಳಗೆ ಕೂತು ಎರಡೂ ಕಂಪ್ಯೂಟರ್ ಜಾಲಾಡಿದೆ. ಯಾರದೋ ಆಧಾರ್, ಯಾರದೋ ಆಸ್ಪತ್ರೆಯ ರಿಪೋರ್ಟು, ಮಕ್ಕಳ ಅಂಕಪಟ್ಟಿ, ಪಹಣಿ. ಇಷ್ಟು ಜನರ ಬದುಕು ನನ್ನ ಅಂಗಡಿಯಲ್ಲಿ ಬಾಗಿಲಿಲ್ಲದೆ ಬಿದ್ದಿತ್ತು. ಒಂದೊಂದನ್ನೇ ತೆಗೆದುಹಾಕಿ, ಅಳಿಸಿದ್ದು ಹೋಗಿ ಸೇರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಈಗ ಪಾಸ್‌ವರ್ಡ್ ಇದೆ. ಕೆಲಸ ಮುಗಿದ ಕೂಡಲೇ ಗಿರಾಕಿಯ ಎದುರೇ ಅಳಿಸುತ್ತೇನೆ. “ಇಷ್ಟು ವರ್ಷದಿಂದ ಬತ್ತಾ ಇದೀವಿ, ನಮ್ಮನ್ನೇ ನಂಬಲ್ವಾ?” ಎಂದು ಕೆಲವರು ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಮೂರು ತಿಂಗಳ ಮೇಲೆ ಆಕೆಯ ಫೋನ್ ಬಂತು. ಬೇರೊಂದು ಊರಿನ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು.

“ಅಷ್ಟು ಮಕ್ಳಿಗೆ ಮುದ್ದೆ ತೊಳಸಿ ತೊಳಸಿ ರಟ್ಟೆ ಬಿದ್ದೋಗದೆ ಕಣಕ್ಕ” ಎಂದು ನಕ್ಕರು.

ಯಾವ ಊರು ಎಂದು ನಾನು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ.