ಅಮಾವಾಸ್ಯೆಯ ಕಟ್ಟೆಯಲ್ಲಿ ಒಪ್ಪಿಸಿದ ಲೆಕ್ಕ

ಕೊಪ್ಪಳದ ನಮ್ಮ ಓಣಿಯಲ್ಲಿ ಬೀಸುವ ಕಲ್ಲಿನ ಪಕ್ಕ ಒಂದು ಸಣ್ಣ ಗಡಿಗೆ ಇಲ್ಲದ ಮನೆಯೇ ಇರಲಿಲ್ಲ. ನಸುಕಿನಲ್ಲಿ ಬೀಸಲು ಕೂತ ಹೆಣ್ಣುಮಕ್ಕಳು ಕಲ್ಲಿನ ಬಾಯಿಗೆ ಜೋಳ ಸುರಿಯುವ ಮೊದಲು ಒಂದು ಹಿಡಿ ತೆಗೆದು ಆ ಗಡಿಗೆಗೆ ಹಾಕುತ್ತಿದ್ದರು. ಅದು ತರುಣ ಸಂಘದ ಪಾಲು. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ಆ ಜೋಳದ ರೊಟ್ಟಿಯೇ ಊಟ. ಸಂಘ ಬೆಳಿಗ್ಗೆ ಗರಡಿ ನಡೆಸುತ್ತಿತ್ತು, ಸಂಜೆ ಹಮಾಲರಿಗೆ ಪತ್ರಿಕೆ ಓದಿ ಹೇಳುತ್ತಿತ್ತು, ಮಧ್ಯಾಹ್ನ ನಮ್ಮಂಥ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸುತ್ತಿತ್ತು.

ಆಗ ನಿಜಾಮರ ಆಳ್ವಿಕೆ. ಗಂಡುಹುಡುಗರಿಗೆ ಸಾಲಿಯಲ್ಲಿ ಉರ್ದು. ಕನ್ನಡವೆಂದರೆ ಮನೆಯ ಹಿರಿಯರ ಬಾಯಿಂದ ಬಂದದ್ದಷ್ಟೇ. ನನಗೆ ಮಾತು ಬಂದದ್ದು ಅಜ್ಜಿಯಿಂದ. ಅಜ್ಜಿಯ ಒಂದು ಗಾದೆಗೆ ನಾಲ್ಕು ಮಂದಿಯ ವಾದ ಕೂತುಬಿಡುತ್ತಿತ್ತು. ಆದರೆ ಅಕ್ಷರ ಆಕೆಗೂ ಬರುತ್ತಿರಲಿಲ್ಲ. ಅಕ್ಷರ ಕಲಿಸಿದವರು ಸಂಘದ ಮುಖ್ಯಸ್ಥರ ಅಕ್ಕ. ಗದಗಿನ ಕಡೆ ಬೆಳೆದು ಕನ್ನಡ ಸಾಲಿ ಕಂಡವರು, ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದಿದ್ದರು. ಅವರನ್ನು ನಾವು ಅಕ್ಕಾವ್ರು ಎನ್ನುತ್ತಿದ್ದೆವು, ತಮ್ಮನನ್ನು ಅಣ್ಣಾವ್ರು.

ನಮಗೆ ಪಾಟಿ ಬಳಪ ಇರಲಿಲ್ಲ. ಅಕ್ಕಾವ್ರ ಹಿತ್ತಲ ಪಡಸಾಲೆಯಲ್ಲಿ ಸಂಘದ ಜೋಳ ಹಸನು ಮಾಡಲು ಕೂರುತ್ತಿದ್ದೆವು. ಮೊರದಲ್ಲಿ ಜೋಳ ತೆಳ್ಳಗೆ ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು. ಅಕ್ಕಾವ್ರು ನೋಡಿ ಹೂಂ ಎಂದರೆ ಮೊರ ಒಮ್ಮೆ ಕೇರುವುದು. ಅಕ್ಷರ ಅಳಿಯುತ್ತಿತ್ತು, ಹೊಟ್ಟು ಹಾರುತ್ತಿತ್ತು. ಯಾರಾದರೂ ಇಣುಕಿದರೆ ಕಾಣುವುದು ಜೋಳ ಕೇರುವ ಹೆಣ್ಣುಮಕ್ಕಳು ಮಾತ್ರ.

ಹಾಗೆ ಕೇರಲು ಬರುತ್ತಿದ್ದವರಲ್ಲಿ ಒಬ್ಬಳು ಓಣಿಯ ಕಾಳಿನ ವ್ಯಾಪಾರಿಯ ಸೊಸೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಗಂಗಾವತಿಯ ಅಕ್ಕಿ ಅಂಗಡಿಯಲ್ಲಿ. ಹಬ್ಬಕ್ಕೆ ಬಂದರೆ ಬಂದ. ಅವಳ ಅತ್ತೆಗೆ ಕಣ್ಣು ಮಂಜಾಗಿತ್ತು. ಶ್ರಾವಣದಲ್ಲಿ ಪುರಾಣ ಕೇಳಬೇಕೆಂದರೆ ಆ ಮುದುಕಿ ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ, ಗಂಡಸರ ಹಿಂದೆ, ಕಂಬಕ್ಕೆ ಒರಗಿ ಕಿವಿ ನಿಮಿರಿಸಿಕೊಂಡು ಕೂರಬೇಕಾಗುತ್ತಿತ್ತು.

‘ಮುಂದಿನ ಶ್ರಾವಣಕ್ಕ ಮನ್ಯಾಗ ನಮ್ಮತ್ತೀಗೆ ನಾನ ಓದಿ ಹೇಳ್ತೀನಿ ನೋಡು,’ ಎಂದು ಅವಳು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ‘ಅತ್ತೀನ ಕಳಸ್ಯಾರ ನನ್ನ. ಸಂಘದ ಜ್ವಾಳ ಹಸನ ಮಾಡಿ ಬಾ ಅಂತಾರ, ನಕ್ಕೋತ.’

‘ನಿಮ್ಮ ಮಾವ್ಗ ಗೊತ್ತನು?’

‘ಗೊತ್ತಿಲ್ದ ಏನು. ಮೊನ್ನಿ ಊಟಕ್ಕ ಕೂತಾಗ, ಏನವಾ, ಜ್ವಾಳ ಎಲ್ಲೀ ತನಕ ಹಸನಾತು ಅಂದ್ರು. ಒತ್ತಕ್ಷರಕ್ಕ ಬಂದೈತಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.’

ಇಂಥ ಮನೆಗಳು ಆಗ ಬಹಳ ಇದ್ದವು. ಎಲ್ಲರಿಗೂ ಗೊತ್ತಿರುತ್ತಿತ್ತು, ಯಾರೂ ಅನ್ನುತ್ತಿರಲಿಲ್ಲ.

ಅಣ್ಣಾವ್ರ ಸ್ವಭಾವ ಬೇರೆ. ಅವರಿಗಿಂತ ಮುಂಚೆ ಓಣಿಯಲ್ಲಿ ಇನ್ನೊಂದು ಗುಂಪು ಹೀಗೆಯೇ ಕಾಳು ಎತ್ತಿ, ಅದು ಎಲ್ಲಿ ಹೋಯಿತೆಂದು ಹೇಳದೆ ಕರಗಿಹೋಗಿತ್ತು. ಗರಡಿಯ ಹುಡುಗರು ಕಂಡರೆ ಸಾಕು, ‘ಏನ್ರಪಾ, ಮಣ್ಣು ತಿಂತೀರೋ ನಮ್ಮ ಜ್ವಾಳ ತಿಂತೀರೋ’ ಎಂದು ಕೇಳುವವರಿದ್ದರು. ಅದಕ್ಕೇ ಅವರು ಒಂದು ಕಟ್ಟಳೆ ಮಾಡಿದರು. ಪ್ರತಿ ಅಮಾವಾಸ್ಯೆಯ ಸಂಜೆ ಗರಡಿಯ ಮುಂದಿನ ಕಟ್ಟೆಯ ಮೇಲೆ ನಿಂತು, ಆ ತಿಂಗಳು ಸಂಘ ಏನೇನು ಮಾಡಿತೆಂದು ಬಾಯಿಬಿಟ್ಟು ಒಪ್ಪಿಸುವುದು. ಮನೆಮನೆಯ ಯಜಮಾನರು ಬಂದು ಕೂರುತ್ತಿದ್ದರು; ಯಾರು ಏನು ಕೇಳಿದರೂ ಉತ್ತರ ಕೊಡಬೇಕು, ಏನನ್ನೂ ಮುಚ್ಚಿಡಬಾರದು. ಹುಡುಗನೊಬ್ಬ ಜ್ವರ ಬಂದು ಊಟ ಬಿಟ್ಟಿದ್ದರೆ ಅದನ್ನೂ ಹೇಳುತ್ತಿದ್ದರು. ಜನ ಅವರನ್ನು ನಂಬಿದ್ದು ಅದಕ್ಕೇ. ನಾವು ಹುಡುಗಿಯರು ಪಕ್ಕದ ಮನೆಯ ಮಾಳಿಗೆಯಿಂದ ನೋಡುತ್ತಿದ್ದೆವು.

ಒಂದು ಅಮಾವಾಸ್ಯೆ, ಲೆಕ್ಕವೆಲ್ಲ ಮುಗಿದ ಮೇಲೆ, ಓಣಿಯ ಹಿರಿಯರೊಬ್ಬರು ಎಲೆ ಅಡಿಕೆ ಮೆಲ್ಲುತ್ತ ಕೇಳಿದರು: ‘ಹೆಣ್ಣುಹುಡುಗ್ಯಾರ ಸಾಲಿ ಅಂತ ಒಂದು ಅಂತೀರಿ. ಅದು ಖರೇನ ನಡೀತೈತೋ, ಬರೇ ಬಾಯಾಗ ಐತೋ? ಯಾರ ಮನಿಯವ್ರು ಬರ್ತಾರ?’

ಪ್ರಶ್ನೆಯಲ್ಲಿ ಅನುಮಾನವಿತ್ತು. ಸಂಘದ ಮಾತಿಗೆ ಅನುಮಾನ ಬಂದರೆ ಅಣ್ಣಾವ್ರಿಗೆ ತಡೆಯಲಾಗುತ್ತಿರಲಿಲ್ಲ.

‘ನಡೀತೈತ್ರಿ. ಭಾಳ ಛಲೋ ನಡೀತೈತಿ,’ ಎಂದು ಒಂದೊಂದೇ ಮನೆ ಹೇಳುತ್ತ ಬಂದರು. ಎಲ್ಲವೂ ಸಣ್ಣ ಹುಡುಗಿಯರ ಮನೆ, ಯಾರೂ ಮಿಸುಕಲಿಲ್ಲ. ಕೊನೆಗೆ ಮುಂದಿನ ಸಾಲಿನಲ್ಲಿದ್ದ ಕಾಳಿನ ವ್ಯಾಪಾರಿಯ ಕಡೆ ಪ್ರೀತಿಯಿಂದ ಕೈ ತೋರಿಸಿದರು. ‘ಎಲ್ಲಾರಕಿಂತ ಮುಂದ ಇರಾಕಿ ಸಾವಕಾರ್ರ ಸೊಸಿ. ಇನ್ನೆರಡು ತಿಂಗಳಿಗೆ ಪುರಾಣ ಓದ್ತಾಳ.’

ಹಿಂದಿನಿಂದ ಯಾರೋ ಅಂದರು: ‘ಛಲೋ ಆತ್ ಬಿಡ್ರಿ ಸಾವಕಾರ್ರ. ಸೊಸಿ ಪುರಾಣ ಹೇಳ್ಲಿ, ನೀವು ಒಲಿ ಮುಂದ ಕೂತು ರೊಟ್ಟಿ ಬಡೀರಿ.’

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕರು. ನಗುತ್ತಲೇ ಹೆಗಲ ವಸ್ತ್ರ ಕೊಡವಿ ಎದ್ದರು, ನಿಧಾನವಾಗಿ ಚಪ್ಪಲಿ ಮೆಟ್ಟಿದರು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಕ್ಕಾವ್ರು ತಮ್ಮನ ಮುಂದೆ ಊಟದ ತಾಟು ಇಟ್ಟು ಹೇಳಿದ್ದು ನಮಗೆಲ್ಲ ಕೇಳಿಸಿತು.

‘ಹೇಳಾಕ ಹೋಗಬಾರದಿತ್ತಲ್ಲೋ.’

‘ಸುಳ್ಳ ಹೇಳ್ಬೇಕಿತ್ತಾ?’

‘ಸುಳ್ಳ ಯಾರು ಹೇಳಂದ್ರು. ಇಷ್ಟು ಹುಡುಗ್ಯಾರು ಬರ್ತಾರ ಅಂದು ಕೆಳಗಿಳಿಯಾಕ ಏನಾಗಿತ್ತು?’

‘ಕೊಟ್ಟವ್ರು ಕೇಳಿದ್ರ ಮುಚ್ಚಿಡಬಾರ್ದಕ್ಕಾ.’

‘ಕೊಟ್ಟವ್ರು ಯಾರಪಾ ಅಲ್ಲಿ ಕೂತಿದ್ದು?’ ಎಂದರು ಅಕ್ಕಾವ್ರು. ‘ಕಟ್ಟಿ ಮ್ಯಾಲ ಕೂತವ್ರಾಗ ಒಬ್ಬರರ ಒಂದು ಹಿಡಿ ಹಾಕ್ಯಾರೇನು? ಹಾಕಿದಾಕಿ ಆಕಿ. ಆಕಿ ಅತ್ತಿ.’

ಅಣ್ಣಾವ್ರು ಹಿಡಿದ ತುತ್ತನ್ನು ತಾಟಿಗೆ ಇಳಿಸಿ ಕೈ ತೊಳೆದುಕೊಂಡರು.

ಸಂಜೆ ಅಕ್ಕ ತಮ್ಮ ಇಬ್ಬರೂ ವ್ಯಾಪಾರಿಯ ಮನೆಗೆ ಹೋದರು, ನನ್ನನ್ನೂ ಕರೆದುಕೊಂಡರು. ವ್ಯಾಪಾರಿ ಸಿಟ್ಟು ಮಾಡಲಿಲ್ಲ. ಕೂರಿಸಿ ಹಾಲು ಕೊಡಿಸಿದರು. ಅಣ್ಣಾವ್ರು ತಪ್ಪಾಯಿತೆಂದು ಕೈ ಮುಗಿದಾಗ ಅವರ ಕೈ ಹಿಡಿದು ಕೆಳಗಿಳಿಸಿದರು.

‘ನೀವು ಹೇಳಿದ್ದು ಖರೆ ಐತ್ರಿ. ನನಗೇನು ಗೊತ್ತಿರಲಿಲ್ಲಂತಲ್ಲ. ಗೊತ್ತಿದ್ದೂ ಸುಮ್ಮನಿದ್ದೆ, ನಮ್ಮಾಕಿ ಆಸೆ ಅದು. ಈಗ ನಾಕ ಮಂದ್ಯಾಗ ಆಡಿದ್ರಿ. ಇನ್ನ ಸೊಸಿ ಹೊಸ್ತಿಲ ದಾಟಿದ್ರ ನಾನು ಕಳಿಸಿದಂಗ ಆಕ್ಕತಿ. ಅಷ್ಟು ಎದಿ ನನಗಿಲ್ರಿ.’

ಒಳಗಿನ ಬಾಗಿಲಲ್ಲಿ ಮುದುಕಿ ಕೂತಿದ್ದಳು. ಅಕ್ಕಾವ್ರ ದನಿ ಬಂದ ಕಡೆ ಮುಖ ತಿರುಗಿಸಿ, ‘ಇರ‍್ಲಿ ಬಿಡ್ರಿ, ನಾನು ಪುರಾಣ ಅಲ್ಲೇ ಹೋಗಿ ಕೇಳ್ತೀನಿ’ ಎಂದಳು. ಸೊಸೆ ಹೊರಗೆ ಬರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಾವು ಏಳುವವರೆಗೂ ನಿಲ್ಲಲಿಲ್ಲ.

ಎರಡು ವರ್ಷಕ್ಕೆ ನನ್ನ ಮದುವೆಯಾಗಿ ತಾವರಗೇರಾಕ್ಕೆ ಬಂದೆ. ಒಂದು ಸಂತೆಯ ದಿನ ಅಣ್ಣಾವ್ರು ಹುಡುಕಿಕೊಂಡು ಮನೆಗೆ ಬಂದರು, ಊಟಕ್ಕೆ ಕೂರಿಸಿದೆ. ಅಲ್ಲೂ ಒಂದು ಸಂಘ ಮಾಡಬೇಕೆಂಬ ಉಮೇದಿನಲ್ಲಿದ್ದ ಹುಡುಗರು ಕರೆಸಿದ್ದರು. ಅಕ್ಕಾವ್ರು ಹೇಗಿದ್ದಾರೆ ಎಂದೆ. ಛಲೋ ಅದಾಳ ಎಂದರು. ಅಮಾವಾಸ್ಯೆಯ ಕಟ್ಟೆ ಈಗಲೂ ಇದೆ, ಆದರೆ ಅದಕ್ಕೂ ಮೊದಲು ಅಕ್ಕ ಮನೆಮನೆಯ ಹಿತ್ತಲಿಗೆ ಹೋಗಿ ಬೀಸುವ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಬರುತ್ತಾಳೆ, ಹೊರಗೆ ಯಾವುದು ಹೇಳಬೇಕು ಯಾವುದು ಬೇಡ ಎಂದು ಅವರನ್ನೇ ಕೇಳುತ್ತಾಳೆ ಎಂದರು. ಹೇಳುವಾಗ ಅವರ ದನಿಯಲ್ಲಿ ಹಳೆಯ ಹುರುಪು ಬಂತು.

‘ಮತ್ತ ಸಾವಕಾರ್ರ ಸೊಸಿ?’ ಎಂದೆ.

ಹುರುಪು ಇಳಿಯಿತು. ‘ಅಕ್ಕ ಹೋದಾಗೆಲ್ಲಾ ನಿಂತು ಕೇಳ್ತಾಳಂತ. ಮೊನ್ನಿ ಆಕಿ ಮಾವನ ಹೇಳಿ ಕಳಿಸಿದ್ರು, ಬೇಕಾದ್ರ ಬರ‍್ಲಿ, ಯಾರು ಏನರ ಅನ್ಲಿ ಅಂತ. ಅಕ್ಕ ಓಡಿಹೋಗಿ ಕರದ್ಲು.’

‘ಏನಂದ್ಲು?’

‘ಅತ್ತಿ ಹೋದ್ರಲ್ರಿ, ಇನ್ನ ಯಾರಿಗೆ ಓದಿ ಹೇಳ್ಲಿ, ಅಂದ್ಲಂತ.’

ಅಣ್ಣಾವ್ರು ತಾಟಿನತ್ತ ನೋಡುತ್ತಿದ್ದರು. ಇನ್ನೊಂದು ರೊಟ್ಟಿ ಹಾಕಿದೆ. ಅವರು ಬೇಡವೆನ್ನಲಿಲ್ಲ, ಮುರಿಯಲೂ ಇಲ್ಲ.