ಲಾಡಿ ಕಟ್ಟೂ ಜಾಗಾ

ಮೂವತ್ತು ವರ್ಷ ನರ್ಸಬಾಯಿ ಆಗಿ ಜೇವರ್ಗಿ ತಾಲೂಕಿನ ಹಳ್ಳಿ ತಿರುಗೀನಿ. ಕೊಳಕೂರದ ಕಡಿ ನನ್ನ ಕೈಲಿ ಸೂಜಿ ಚುಚ್ಚಿಸ್ಕೊಂಡು ಅಳದ ಕೂಸಿಲ್ಲ. ಯಾರ ಮೈಮ್ಯಾಲೆ ಏನ ಗಾಯ ಆದ್ರೂ 'ಬರ್ರಿ, ತೋರಸ್ರಿ, ನಾಚಬ್ಯಾಡ್ರಿ' ಅಂತ ಒದರಿ ಒದರಿ ಗಂಟಲ ಹರಕೊಂಡಾಕಿ ನಾನು. ಅಂಥಾಕಿ ನನ್ನ ಒಡಹುಟ್ಟಿದ ಅಕ್ಕನ ಗಾಯ ನೋಡಿ 'ಏನೂ ಇಲ್ಲ ಬಿಡು' ಅಂದುಬಿಟ್ಟೆ. ಈಗ ರಿಟೈರ್ ಆಗಿ ಮನ್ಯಾಗ ಕುಂತೀನಿ. ಕುಂತ್ರ ಅದೊಂದು ಮಾತೇ ತಲಿಯಾಗ ತಿರಗತದ.

ಅಕ್ಕ ನನಗಿಂತ ಆರು ವರ್ಷ ದೊಡ್ಡಾಕಿ. ಆಕಿನ್ನ ಖಜೂರಿಗೆ ಕೊಟ್ಟಿದ್ರು. ಗಂಡ ತೀರಿಕೊಂಡ ಮ್ಯಾಲೆ ರೋಡಿನ ಮ್ಯಾಲೆ ಲಾರಿಯವ್ರಿಗಿ ಚಾ, ಭಜಿ ಮಾಡಿ ಕೊಡೂ ಅಂಗಡಿ ಹಾಕ್ಯಾಳ. ಮುಂಜಾನಿಂದ ಸಂಜಿತನಾ ಒಲಿ ಮುಂದ ನಿಂತಾಕಿ. ಸೀರಿ ಜಾರಬಾರದು ಅಂತ ಒಳಲಂಗದ ಲಾಡಿ ಹೆಂಗ ಬಿಗೀತಿದ್ಳು ಅಂದ್ರ, ನೋಡಿದ್ರ ನನಗ ಉಸಿರ ಕಟ್ಟತಿತ್ತು. ಅದೂ ದಿನಾ ಒಂದೇ ಜಾಗಾ, ಬಲಗಡಿ ಟೊಂಕದ ಮ್ಯಾಲೇ ಗಂಟು. ನಲವತ್ತು ವರ್ಷ ಹಂಗೇ ಕಟ್ಯಾಳ.

ಐದು ವರ್ಷದ ಹಿಂದ ನಮ್ಮ ಮನಿಗಿ ಬಂದಿದ್ಳು. ಅವತ್ತು ನನಗ ಲಸಿಕಿ ಹಾಕೂ ಡ್ಯೂಟಿ ಇತ್ತು. ಮೂರು ಹಳ್ಳಿ ತಿರುಗಿ ಬಂದು, ಕಾಲ ಚಾಚಿ ನೆಲದ ಮ್ಯಾಲೆ ಕುಂತಿದ್ದೆ. ಬೂಟಿನ ಪಟ್ಟಿ ಬಿಚ್ಚಾಕ ಸುದ್ದಾ ಕೈ ಏಳವಲ್ದು. ಆಕಿ ಒಳಗಿಂದ ಬಂದು, ಸೀರಿ ಒಂದೀಟ ಸಡ್ಲ ಮಾಡಿ, 'ಇದೊಂದೀಟ ನೋಡ ಬೇ ತಂಗಿ' ಅಂದ್ಳು.

ಕುಂತಲ್ಲಿಂದನ ನೋಡಿದೆ. ಚಾಳೀಸು ಚೀಲದಾಗ ಇತ್ತು, ತಕ್ಕೊಳ್ಳಿಲ್ಲ. ಟೊಂಕದ ಸುತ್ತ ಕರೀ ಪಟ್ಟಿ, ಗಂಟ ಬೀಳೂ ಜಾಗಾದಾಗ ಸಿಪ್ಪಿ ಎದ್ದಂಗ ಒಂದು ಸಣ್ಣ ಗಾಯ. 'ಅಯ್ಯ, ಇದೇನ ಬೇ ದೊಡ್ಡದು, ಎಲ್ಲಾ ಹೆಂಗಸರಿಗೂ ಇರ್ತದ. ಲಾಡಿ ಸಡ್ಲ ಕಟ್ಟು, ಕೊಬ್ಬರಿ ಎಣ್ಣಿ ಹಚ್ಚು' ಅಂದೆ. 'ಹೌದಲ್ಲ, ನಾನೂ ಹಂಗೇ ಅನ್ಕೊಂಡಿದ್ದೆ' ಅಂತ ಸೀರಿ ಸರಿ ಮಾಡ್ಕೊಂಡು ಚಾ ಮಾಡಾಕ ಹೋದ್ಳು. ಒಂದು ನಿಮಿಷದ ಮಾತು ಅಷ್ಟೇ.

ಹೋದ ವರ್ಷ ಆಕಿ ಸೊಸಿ ಫೋನ್ ಮಾಡಿದ್ಳು. 'ಸಣ್ಣತ್ತಿ, ಅತ್ತಿ ಸೀರ್ಯಾಗ ರಕ್ತದ ಕಲಿ ಬೀಳಾಕತ್ಯಾವ್ರಿ. ವಾಸನಿ ಬರ್ತದ. ಕೇಳಿದ್ರ ಮೈಮ್ಯಾಲೆ ಬರ್ತಾರ. ನೀವ ಒಮ್ಮಿ ಬರ್ರಿ.' ಕಲಬುರ್ಗಿಗಿ ಒಂದು ಬಸ್ಸು, ಆಳಂದಕ್ಕ ಒಂದು, ಅಲ್ಲಿಂದ ಖಜೂರಿಗೆ ಇನ್ನೊಂದು. ಹೋಗೂದ್ರಾಗ ನಾ ಹಣ್ಣಾಗಿದ್ದೆ. ಅಕ್ಕ ನನ್ನ ನೋಡಿದ್ದೇ ತಡ, 'ಇಕಿ ಚಾಡಿ ಹೇಳಿದ್ಳೇನ? ಇಕಿಗಿ ಬ್ಯಾರೆ ಕೆಲಸ ಇಲ್ಲ' ಅಂತ ಸೊಸಿಗಿ ಬೈಯಾಕ ಸುರು ಮಾಡಿದ್ಳು. ಬಾಗಲಾ ಹಾಕಿ ಸೀರಿ ಬಿಚ್ಚಿಸಿದೆ. ಗಾಯಕ್ಕ ಅರಿಶಿಣ ಮೆತ್ತಿ, ಅರಿವಿ ಸುತ್ತಿ, ಆ ಅರಿವಿ ಮ್ಯಾಲೆ ಮತ್ತ ಅದೇ ಲಾಡಿ ಬಿಗಿದಾಳ! ಅರಿವಿ ತೆಗದ್ರ ಅಂಚು ಎದ್ದದ್ದು, ನಡು ತಗ್ಗು ಬಿದ್ದದ್ದು, ಮುಟ್ಟಿದ್ರ ರಕ್ತ. ಏನಂತ ಅಲ್ಲೇ ಗೊತ್ತಾತು.

ಕಲಬುರ್ಗಿ ದವಾಖಾನ್ಯಾಗ ಆಪರೇಶನ್ ಮಾಡೂ ಡಾಕ್ಟರಬಾಯಿ ನನ್ನ ಮಗಳ ವಯಸ್ಸಿನಾಕಿ. ಸಮಾಧಾನದ ಹೆಣಮಗಳು. ಗಾಯದ ಸುತ್ತ ಮರಗಟ್ಟಿಸೂ ಇಂಜೆಕ್ಷನ್ ಕೊಟ್ಟು, ಚೂರು ತುಂಡು ತಗದು ಟೆಸ್ಟಿಗಿ ಕಳಸಿದ್ಳು. ಎಂಟು ದಿನಕ್ಕ ಉತ್ತರ ಬಂತು. ಚರ್ಮದ ಕ್ಯಾನ್ಸರ್. ತೊಡಿ ಸಂದಿನಾಗ ಒಂದು ಗಂಟು ಸುದ್ದಾ ಊದಿತ್ತು.

'ಅಮ್ಮಾರೆ, ಗಾಯ ಅಷ್ಟೇ ತಗದ್ರ ಆಗೂದಿಲ್ರಿ' ಅಂದ್ಳು ಡಾಕ್ಟರಬಾಯಿ. 'ಸುತ್ತಲಿನ ಚಲೋ ಚರ್ಮನೂ ಒಂದೀಟ ಸೇರಿಸಿ ತೆಗೀತೇವಿ. ತೊಡಿ ಚರ್ಮ ತಗದು ಅಲ್ಲಿ ಹಚ್ಚತೇವಿ. ಆ ಗಂಟೂ ತಗದು ನೋಡತೇವಿ. ತಗದದ್ದರ ಅಂಚಿನಾಗ, ಗಂಟಿನಾಗ ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂದ್ರ ಸಾಕು. ಇದ್ರ ಮತ್ತ ಕೊಯ್ಯಬೇಕಾಗ್ತದ, ಮತ್ತ ಮುಂದಿನ ಇಲಾಜು.'

'ಎಷ್ಟ ಕೊಯ್ತೀ ಬೇ?' ಅಂದ್ಳು ಅಕ್ಕ. ಡಾಕ್ಟರಬಾಯಿ ಅಂಗೈ ತೋರಿಸಿದ್ಳು. 'ನಿನ್ನ ಅಂಗೈಯೋ, ನನ್ನ ಅಂಗೈಯೋ? ನನ್ನದು ಭಜಿ ಹಿಟ್ಟ ಕಲಸಿ ಕಲಸಿ ದೊಡ್ಡದಾಗ್ಯದ.' ಆ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗ ನಗು ಬರಲಿಲ್ಲ. ರಿಪೋರ್ಟ್ ಕೆಟ್ಟ ಬಂದ್ರ ಇಕಿನ್ನ ಕೊಂದಾಕಿ ನಾನೇ ಅಂತ ಲೆಕ್ಕ ಹಾಕಾಕತ್ತಿದ್ದೆ. ನಾಕು ವರ್ಷದ ಹಿಂದ ಎದ್ದು ನಿಂತು ಚಾಳೀಸು ಹಾಕ್ಕೊಂಡಿದ್ರ ನಾಕು ಹೊಲಿಗ್ಯಾಗ ಮುಗೀತಿತ್ತು.

ಬೆನ್ನಿಗಿ ಸೂಜಿ ಹಾಕಿ ಅರ್ಧ ಮೈ ಮರಗಟ್ಟಿಸಿ ಆಪರೇಶನ್ ಮಾಡಿದ್ರು. ಅಕ್ಕಗ ಎಚ್ಚರ ಇತ್ತು. ಹೊರಗ ಬಂದ ಮ್ಯಾಲೆ, 'ಅವ್ರು ಒಳಗ ಇಡ್ಲಿ ಚಲೋನೋ ಉಪ್ಪಿಟ್ಟ ಚಲೋನೋ ಅಂತ ಮಾತಾಡಾಕತ್ತಿದ್ರು, ನಾ ಭಜಿ ಅಂತ ಹೇಳಬೇಕಂದೆ, ಬಾಯಿ ಒಣಗಿತ್ತು' ಅಂದ್ಳು. ಸೂಜಿ ಅಮಲು ಇಳಿದ ಮ್ಯಾಲೆ ಗೊತ್ತಾತು ಆಟ. ಕೊಯ್ದ ಜಾಗಾಕ್ಕಿಂತ ಚರ್ಮ ತಗದ ತೊಡಿಯೇ ಉರಿಯೂದು. 'ಗಾಯ ಅಲ್ಲಿ, ಬೆಂಕಿ ಇಲ್ಲಿ! ಇದ್ಯಾವ ನ್ಯಾಯ?' ಅಂತ ಒದರ್ಯಾಡಿದ್ಳು. ಹಿಂಗೇ ಇರ್ತದ, ಬರ್ತಾ ಬರ್ತಾ ಕಡಿಮಿ ಆಗ್ತದ ಅಂತ ಎಷ್ಟ ಮಂದಿಗಿ ಹೇಳೀನೋ ನಾನು. ಸ್ವಂತ ಅಕ್ಕಗ ಹೇಳೂವಾಗ ಆ ಮಾತು ಭಾಳ ಹಗುರ ಅನಸ್ತು.

ಹಚ್ಚಿದ ಚರ್ಮ ಅಲುಗಬಾರದು ಅಂತ ಐದು ದಿನ ಹೊರಳಾಡಂಗಿಲ್ಲ. ಕುಂದರಂಗಿಲ್ಲ, ಜೋರ ಕೆಮ್ಮಂಗಿಲ್ಲ, ಎಲ್ಲಾ ಹಾಸಗಿ ಮ್ಯಾಲೇ. ನಿಂತೇ ಜಲಮ ಕಳದಾಕಿಗಿ ಮಲಗು ಅಂದ್ರ ಕೇಳತಾಳೇನ? ನರ್ಸಗೋಳಿಗಿ ಬೈದ್ಳು, ಮ್ಯಾಲಿನ ಫ್ಯಾನಿಗಿ ಬೈದ್ಳು, ಗಂಜಿ ಸಪ್ಪಗ ಅದ ಅಂತ ನನಗ ಬೈದ್ಳು. ಆದ್ರ ಕೊಬ್ಬರಿ ಎಣ್ಣಿ ಮಾತು ಒಮ್ಮಿನೂ ತೆಗೀಲಿಲ್ಲ. ಆಕಿ ಬಾಯಿ ತೆಗದಾಗೊಮ್ಮಿ 'ಈಗ ಬಂತು' ಅನಸ್ತಿತ್ತು. ಬರ್ತಿದ್ದಿಲ್ಲ. ಮರತಾಳೋ, ನೆನಪಿದ್ದು ನುಂಗ್ಯಾಳೋ ತಿಳೀದು. ನಾನೂ ಕೇಳಲಿಲ್ಲ, ಧೈರ್ಯ ಆಗ್ಲಿಲ್ಲ.

ಐದನೇ ದಿನ ಪಟ್ಟಿ ಬಿಚ್ಚಿದ್ರು. 'ಚರ್ಮ ಚಂದ ಕೂತದ್ರಿ' ಅಂತ ಡಾಕ್ಟರಬಾಯಿ ಖುಷಿ ಆದ್ಳು. ಅಕ್ಕ ತಲಿ ಎತ್ತಿ ನೋಡಿದ್ಳು. ತಗ್ಗ ಬಿದ್ದ ಜಾಗಾದಾಗ ಕೆಂಪು ನೇರಳಿ ಬಣ್ಣ, ತ್ಯಾಪಿ ಹಚ್ಚಿದಂಗ. ಮುಖ ಗ್ವಾಡಿಗಿ ತಿರುವಿ ಅತ್ಳು. ಅಷ್ಟ ದಿನದಾಗ ಅತ್ತದ್ದು ಅದೊಂದೇ ಸಲ. 'ಇನ್ನ ಸೀರಿ ಎಲ್ಲಿ ಕಟ್ಟಲಿ ಬೇ?' ಅಂದ್ಳು. ಈಗ ಸಡ್ಲ ನೈಟಿ ಹಾಕ್ಕೋರಿ, ಗಾಯ ಪೂರ್ತಿ ಮಾದ ಮ್ಯಾಲೆ ಅಗಲ ಪಟ್ಟಿ ಇರೂ ಲಂಗ ಹೊಲಿಸ್ಕೋರಿ, ಲಾಡಿ ಮಾತ್ರ ಬ್ಯಾಡ ಅಂದ್ರು. ಅಕ್ಕ ಮೂಗು ಒರಸಿಕೊಂಡು, 'ನೈಟಿ ಹಾಕ್ಕೊಂಡು ಅಂಗಡ್ಯಾಗ ನಿಂತ್ರ ಲಾರಿಯವ್ರು ಬ್ರೇಕ್ ಹಾಕೂದ ಮರೀತಾರ' ಅಂದ್ಳು.

ಜೇವರ್ಗಿಗೆ ನಮ್ಮ ಮನಿಗೇ ಕರಕೊಂಡು ಬಂದೆ. ರಿಪೋರ್ಟ್ ಇನ್ನೂ ಬಂದಿದ್ದಿಲ್ಲ. ಒಂದಿನ ಬಿಟ್ಟು ಒಂದಿನ ಪಟ್ಟಿ ಬದಲಿ ಮಾಡೂದು, ಗುಳಗಿ ಕೊಡೂದು, ಫೋನ್ ಬಾರಿಸಿದ್ರ ಓಡಿ ಹೋಗಿ ಎತ್ತೂದು. ನನಗ ಸಾಕಾಗಿತ್ತು. ಖರೇ ಹೇಳತೇನಿ, ಒಮ್ಮೊಮ್ಮಿ ಒಳ್ಳೇದೋ ಕೆಟ್ಟದ್ದೋ ಏನರೆ ಒಂದು ಬಂದುಬಿಡ್ಲಿ ಅನಸ್ತಿತ್ತು. ಅನಿಸಿದ್ದಕ್ಕ ನಾಚಿಕಿ ಆಗ್ತಿತ್ತು.

ಕರದ ದಿನ ಇಬ್ಬರೂ ಹೋದಿವಿ. ಡಾಕ್ಟರಬಾಯಿ ಕಾಗದ ಓದಿ ತಲಿ ಎತ್ತಿದ್ಳು. 'ಅಂಚು ಎಲ್ಲಾ ಕಡಿ ಸ್ವಚ್ಛ ಅದ್ರಿ. ಗಂಟಿನಾಗೂ ಏನಿಲ್ಲ. ಮೂರ ತಿಂಗಳಿಗೊಮ್ಮಿ ಬಂದು ತೋರಸ್ರಿ, ತಪ್ಪಿಸಬ್ಯಾಡ್ರಿ.' ಅಕ್ಕ ಎರಡೂ ಕೈ ಮುಗದ್ಳು. ನಾ ಹೊರಗ ಬಂದು ಬೆಂಚಿನ ಮ್ಯಾಲೆ ಕುಂತೆ. ಅಕ್ಕ ಬಾಜೂಕ ಬಂದು ಕುಂತ ಮ್ಯಾಲೆ ತಡಕೊಳ್ಳಾಕ ಆಗ್ಲಿಲ್ಲ.

'ಅಕ್ಕ, ನಾಕು ವರ್ಷದ ಹಿಂದ ನೀ ನನಗ ತೋರಿಸಿದ್ದಿ. ನಾ ಎಣ್ಣಿ ಹಚ್ಚು ಅಂದೆ. ನನ್ನದು ತಪ್ಪಾತು ಬೇ' ಅಂತ ಅಳಾಕ ಸುರು ಮಾಡಿದೆ.

'ನೆನಪದ' ಅಂದ್ಳು. 'ನೀ ಅವತ್ತ ದಣದಿದ್ದಿ. ಕಣ್ಣ ತೆರೀಲಾರದಂಗ ಕುಂತಿದ್ದಿ. ಅದನ್ನ ನೋಡೇ ತೋರಿಸಿದ್ದೆ ನಾನು. ಮುಂಜಾನಿ ತೋರಿಸಿದ್ರ ನೀ ರಟ್ಟಿ ಹಿಡಕೊಂಡು ದವಾಖಾನಿಗಿ ಒಯ್ತಿದ್ದಿ. ನನಗ ಏನೂ ಇಲ್ಲ ಅನ್ನೋರು ಬೇಕಾಗಿದ್ರು ಬೇ.'

ನನ್ನ ಅಳು ಅಲ್ಲೇ ನಿಂತುಬಿಟ್ತು. ಮೂವತ್ತು ವರ್ಷ, ಒಂದೊಂದು ಹಳ್ಳ್ಯಾಗ, ನಾ ಚೀಲ ಹೆಗಲಿಗಿ ಹಾಕ್ಕೊಂಡು ಬಸ್ಸಿಗಿ ನಡದ ಮ್ಯಾಲೆ ಹಿಂದಿಂದ ಬಂದು 'ಬಾಯಾರ, ಇದೊಂದೀಟ ನೋಡ್ರಿ' ಅಂದ ಹೆಂಗಸರು ಎಷ್ಟು ಮಂದಿ! 'ಇಷ್ಟೊತ್ತನಾ ಏನ ಮಾಡತಿದ್ರಿ?' ಅಂತ ಸಿಟ್ಟು ಮಾಡಿ, ನಡೀತಾ ನಡೀತಾ ನೋಡಿ, ಏನೂ ಇಲ್ಲ ಅಂದಿದ್ದೆ. ಎಲ್ಲಾರೂ ಖುಷೀಲೆ ಹೊಳ್ಳಿ ಹೋಗಿದ್ರು. ಆ ಬೆಂಚಿನ ಮ್ಯಾಲೆ ಕುಂತು ಎಷ್ಟ ನೆನಸ್ಕೊಂಡ್ರೂ ಅವರದು ಒಂದು ಮುಖ ಸುದ್ದಾ ನೆನಪಿಗಿ ಬರಲಿಲ್ಲ.