ಕಾಗೆ ನೆತ್ತಿಗೆ ಕುಕ್ಕಿದ ದಿನ

ಕಾಗೆಯ ಮರಿಗೆ ನಾನು ಮಾಡಿದ್ದು ಉಪಕಾರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆ ಮೇ ತಿಂಗಳಿಡೀ ಓಣಿಯವರು ನನ್ನನ್ನು ಕೇಳಿದ್ದು ಒಂದೇ ಮಾತು: "ನೀವ ಏನರ ಮಾಡಿರಬೇಕ್ರಿ. ಇಲ್ಲಾಂದ್ರ ನಿಮಗಷ್ಟ ಯಾಕ ಕುಕ್ಕತೈತಿ?"

ಮೂಡಲಗಿಯ ನಮ್ಮ ಮನೆಯ ಗೇಟಿನ ಮೇಲೆ ಬೇವಿನ ಮರ ಬಾಗಿಕೊಂಡಿದೆ. ಅದರಲ್ಲಿ ಕಾಗೆ ಗೂಡು ಕಟ್ಟಿತ್ತು. ಒಂದು ಮುಂಜಾನೆ, ಹಾರಲು ಬಾರದ ಮರಿಯೊಂದು ಅಂಗಳಕ್ಕೆ ಬಿತ್ತು. ಬೆಕ್ಕು ಹೊಂಚು ಹಾಕುತ್ತಿತ್ತು. ಮರಿಯನ್ನು ಟವೆಲ್ಲಿನಲ್ಲಿ ಎತ್ತಿ, ಸ್ಟೂಲು ಹತ್ತಿ, ಕೆಳಗಿನ ಟೊಂಗೆಯ ಮೇಲೆ ಕೂರಿಸಿದೆ. ಬೆಕ್ಕು ತಾಯಿ ಕಾಗೆಯ ಕಣ್ಣಿಗೆ ಬೀಳಲೇ ಇಲ್ಲವೋ ಏನೋ. ಬಿದ್ದದ್ದು ನನ್ನ ಮುಖ.

ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಬಟ್ಟೆ ಹೊಲಿಯುವ ಅಂಗಡಿ. ಮದುವೆಗಳ ಕಾಲ, ಬ್ಲೌಸುಗಳ ರಾಶಿ ಬಿದ್ದಿತ್ತು. ದಿನಕ್ಕೆ ನಾಲ್ಕು ಸಲ ಗೇಟು ದಾಟಬೇಕು. ನಾಲ್ಕು ಸಲವೂ ಕಾಗೆ ಹಿಂದಿನಿಂದ ರಪ್ಪೆಂದು ಬಂದು ಕೂದಲು ಜಗ್ಗುತ್ತಿತ್ತು. ಯಜಮಾನರು, ಹಾಲಿನವನು ಹಾದುಹೋದರೆ ಚಕಾರವೆತ್ತುತ್ತಿರಲಿಲ್ಲ. ಸೀರೆಯ ಬಣ್ಣ ಬದಲಿಸಿದೆ. ಸೆರಗು ಹೊದ್ದೆ. ಹೆಲ್ಮೆಟ್ ಹಾಕಿಕೊಂಡರೆ ಎದುರು ಮನೆಯವಳು, "ಗಾಡಿ ಎಲ್ಲೈತ್ರಿ ಅಕ್ಕಾರ?" ಎಂದು ನಕ್ಕಳು. ಕೊನೆಗೆ ಕೆಲಸಕ್ಕೆ ಬಂದದ್ದು ಕೊಡೆ. ಆದರೆ ಒಂದು ಮಧ್ಯಾಹ್ನ ಎರಡೂ ಕೈಯಲ್ಲಿ ಗಿರಾಕಿಗಳ ಬಟ್ಟೆಯ ಗಂಟು. ಕೊಡೆ ಬಿಚ್ಚುವ ಮೊದಲೇ ಕಾಗೆ ನೆತ್ತಿಗೆ ಕುಕ್ಕಿತು. ರಕ್ತ ಬಂತು. ಒಬ್ಬರ ರೇಷ್ಮೆ ಬ್ಲೌಸು ಮಣ್ಣುಪಾಲಾಯಿತು.

ಅತ್ತೆ ಗಾಯ ನೋಡಲಿಲ್ಲ. "ತಲಿ ಮುಟ್ಟಿತೇನ? ಹಂಗಾರ ಒಳಗ ಬರಬ್ಯಾಡ, ಮೊದಲ ಜಳಕ ಮಾಡ ನಡಿ!" ಎಂದರು.

ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆಯೆಂದು ಅವರ ನಂಬಿಕೆ. ಸತ್ತಳೆಂದು ಸುಳ್ಳು ಸುದ್ದಿ ಕಳಿಸಿ, ಹತ್ತಿರದವರು ಅತ್ತರೆ ದೋಷ ಕಳೆಯುತ್ತದಂತೆ. ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅವರು ಹುಕ್ಕೇರಿಯಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡಿ, "ನಿಮ್ಮ ತಂಗಿ ಹೋದಳ್ರಿ" ಎಂದಿದ್ದಾರೆ. ಅವನು ಅತ್ತ ಮೇಲೆ ಸುಳ್ಳೆಂದು ಹೇಳುವ ಲೆಕ್ಕ. ಅಣ್ಣ ಅಷ್ಟಕ್ಕೇ ಫೋನ್ ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಅತ್ತೆ ನನಗೆ ಒಂದು ಮಾತೂ ಹೇಳದೆ ಶೇಂಗಾ ಸುಲಿಯುತ್ತ ಕೂತರು. ನನ್ನ ಫೋನು ಅಂಗಡಿಯಲ್ಲಿತ್ತು.

ಎರಡು ತಾಸಿಗೆ ಬಾಗಿಲಲ್ಲಿ ಜೀಪು ನಿಂತಿತು. ಅತ್ತಿಗೆಯ ಗೋಳು ಕೇಳಿ, ಯಾರಿಗೆ ಏನಾಯಿತೋ ಎಂದು ಬರಿತಲೆಯಲ್ಲಿ ಹೊರಗೆ ಓಡಿದೆ. ಅಣ್ಣ ಕೈಯಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದ. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಕಾಗೆ ಮತ್ತೊಮ್ಮೆ ನನ್ನ ತಲೆಗೆ ಬಡಿಯಿತು. ಅಣ್ಣ ರಸ್ತೆಯಲ್ಲೇ ಕುಸಿದು ಕೂತ.

"ನೀ ಜೀವಂತ ಅದಿ?" ಎಂದ.

"ಅದೀನೋ ಅಣ್ಣಾ. ಈ ಕಾಗಿ ಇರಾಕ ಬಿಟ್ರ."

ಅತ್ತೆ ನಡೆದದ್ದನ್ನು ಹೇಳಿದಾಗ ಅಣ್ಣ ಹಾರ ಎಸೆದು, ಕಾಯಿ ಕೀಳುವ ನಮ್ಮ ಉದ್ದನೆಯ ದೋಟಿ ತೆಗೆದುಕೊಂಡ. "ಇವತ್ತ ಆ ಗೂಡ ಕಿತ್ತ ಒಗಿತೀನಿ!" ನಾನು ತಡೆಯಲಿಲ್ಲ. ಖರೆ ಹೇಳಬೇಕೆಂದರೆ ಸ್ಟೂಲು ತಂದುಕೊಟ್ಟವಳೂ ನಾನೇ. ಅವನು ಹತ್ತಿ, ದೋಟಿ ಎತ್ತಿ, ಹಾಗೇ ನಿಂತ. ಗೂಡಿನ ಅಂಚಿನಲ್ಲಿ ಇನ್ನೊಂದು ಮರಿ ಕೆಂಪು ಬಾಯಿ ತೆರೆದುಕೊಂಡಿತ್ತು.

"ನನ್ನ ಕೈಲೆ ಆಗಂಗಿಲ್ಲ, ತಂಗಿ," ಎಂದು ಇಳಿದ. ನನಗೆ ಅವನ ಮೇಲೂ ಸಿಟ್ಟು ಬಂತು.

ಹೋಗುವ ಮೊದಲು ಅವನು ಹಿತ್ತಲ ಮುಳ್ಳುಬೇಲಿ ಕಡಿದು ದಾರಿ ಮಾಡಿಕೊಟ್ಟ. ಮೂರು ವಾರ ಸ್ವಂತ ಮನೆಗೆ ಕಳ್ಳಿಯ ಹಾಗೆ, ಪಕ್ಕದವರ ಎಮ್ಮೆಯ ಸಗಣಿ ದಾಟಿಕೊಂಡು, ಹಿಂದಿನಿಂದ ಬಂದೆ. ಜೂನಿನ ಮಳೆ ಶುರುವಾಗುವ ಹೊತ್ತಿಗೆ ಮರಿಗಳು ಹಾರಿದವು. ಗೇಟಿನಲ್ಲಿ ಮತ್ತೆ ನಡೆದೆ. ಕಾಗೆ ತಂತಿಯ ಮೇಲೆ ಕೂತು ಸುಮ್ಮನೆ ನೋಡಿತು.

ಅಣ್ಣ ಇವತ್ತಿಗೂ ಅತ್ತೆಯ ಜೊತೆ ಮಾತಾಡುವುದಿಲ್ಲ. ಅತ್ತೆಗೆ ಅದರ ಚಿಂತೆಯೇ ಇಲ್ಲ. "ನೋಡ, ನಿನಗ ಏನರ ಆತೇನ? ನಾ ಫೋನ್ ಮಾಡಿದ್ದಕ್ಕ ಉಳಕೊಂಡಿ," ಎನ್ನುತ್ತಾರೆ.